ತಿಪ್ಪೆಯ ಮೇಲೊಂದು ಊರು: ಹೇಗೆಬೈಂಟುಮ್ ಕಟ್ಟಿದ ಗುಡ್ಡ, ಮಾರಿದ ಗುಡ್ಡ

(ಈ ವಾರದ ಮಾತಿನ ಬರಹ ರೂಪ. ಲೋಕಲ್ ಟ್ರೇನಿನಲ್ಲಿ, ಮೆಟ್ರೋದಲ್ಲಿ ವಿಡಿಯೋ ನೋಡೋಕಾಗಲ್ಲ, ಓದೋದೇ ಸುಲಭ ಅಂತ ಕೇಳುವವರಿಗಾಗಿ. ಆಡುಮಾತನ್ನು ಅಲ್ಲಲ್ಲಿ ಹಾಗೇ ಉಳಿಸಿದ್ದೇವೆ.)



ಇವತ್ತು ಒಂದು ಪುಟ್ಟ ಊರಿನ ಕಥೆ. ಎಷ್ಟು ಪುಟ್ಟದು ಅಂದರೆ, ಅಲ್ಲಿರೋ ಜನ ನೂರಕ್ಕಿಂತ ಕಡಿಮೆ. ಮುಂಬೈನ ಒಂದು ಸಾಧಾರಣ ಹೌಸಿಂಗ್ ಸೊಸೈಟಿಯಲ್ಲೇ ಅದಕ್ಕಿಂತ ಹೆಚ್ಚು ಜನ ಇರ್ತಾರೆ. ಊರಿನ ಹೆಸರು ಹೇಗೆಬೈಂಟುಮ್. ನೆದರ್‌ಲ್ಯಾಂಡ್ಸ್ ದೇಶದ ಉತ್ತರ ತುದಿಯಲ್ಲಿ ಫ್ರಿಸ್ಲಾನ್ ಅನ್ನೋ ಪ್ರಾಂತ್ಯ ಇದೆ. ಅದರ ರಾಜಧಾನಿ ಲೇವಾರ್ಡನ್. ಅಲ್ಲಿಂದ ಉತ್ತರಕ್ಕೆ ಸುಮಾರು 15 ಕಿಲೋಮೀಟರ್ ಹೋದರೆ ಈ ಊರು ಸಿಗುತ್ತೆ.

ಹೆಸರು ಕೇಳಿದ ಕೂಡಲೇ ನಮ್ಮ ಕಿವಿಗೆ "ಹೇಗೆ?" ಅನ್ನೋ ಪ್ರಶ್ನೆ ಕೇಳಿಸುತ್ತೆ, ಅಲ್ವಾ? ಅವರ ಭಾಷೆಯಲ್ಲಿ "ಹೇಗೆ" ಅಂದರೆ ಎತ್ತರದ್ದು, ಮೇಲಿನದು. ಅಂದರೆ ಇದು ಎತ್ತರದ ಬೈಂಟುಮ್. ಎಷ್ಟು ಎತ್ತರ? ಸಮುದ್ರ ಮಟ್ಟದಿಂದ 8.80 ಮೀಟರ್. ಮೂರು ಮಹಡಿ ಮನೆಯಷ್ಟು, ಅಷ್ಟೇ. ಸಹ್ಯಾದ್ರಿ ನೋಡಿದವರಿಗೆ ನಗು ಬರಬಹುದು. ಆದರೆ ಸುತ್ತ ಎಲ್ಲಿ ನೋಡಿದರೂ ಹಲಗೆ ಹಾಸಿದ ಹಾಗೆ ಸಪಾಟಾದ ನೆಲ. ಆ ಬಯಲಿನ ನಡುವೆ ಈ ಗುಡ್ಡ, ಗುಡ್ಡದ ತಲೆಯ ಮೇಲೆ ಒಂದು ಹಳೇ ಚರ್ಚು. ತುಂಬಾ ದೂರದಿಂದಲೇ ಕಾಣುತ್ತೆ.

ಇನ್ನೊಂದು ವಿಷಯ. ಈ ಗುಡ್ಡ ಪ್ರಕೃತಿ ಮಾಡಿದ್ದಲ್ಲ. ಮನುಷ್ಯರು ಮಾಡಿದ್ದು. ಒಬ್ಬ ರಾಜ ಆಳು ಹಚ್ಚಿ ಕಟ್ಟಿಸಿದ್ದೂ ಅಲ್ಲ. ಸಗಣಿ, ಹುಲ್ಲುಹೆಂಟೆ, ಒಡೆದ ಮಡಕೆ, ಒಲೆಯ ಬೂದಿ, ಬಿದ್ದ ಮನೆಯ ಗೋಡೆ ಎಲ್ಲ ಸೇರಿ, ತಲೆಮಾರಿನ ಮೇಲೆ ತಲೆಮಾರು ಬೆಳೆದದ್ದು. ಕನ್ನಡದಲ್ಲಿ ಹೇಳಬೇಕಂದ್ರೆ ಇದು ತಿಪ್ಪೆಯ ಮೇಲೆ ಎದ್ದು ನಿಂತ ಊರು. ಹೀಗೆ ಸಾವಿರಕ್ಕೂ ಹೆಚ್ಚು ವರ್ಷ ಬೆಳೆದ ಗುಡ್ಡದ ಬಹುಪಾಲನ್ನು ಕೆಲವೇ ದಶಕಗಳಲ್ಲಿ ಅಗೆದು, ದೋಣಿಗೆ ತುಂಬಿ, ಗೊಬ್ಬರ ಅಂತ ಮಾರಿಬಿಟ್ಟರು. ಕಟ್ಟಿದ್ದು ಯಾಕೆ, ಮಾರಿದ್ದು ಯಾಕೆ? ಈ ಎರಡು ಪ್ರಶ್ನೆಗೆ ಉತ್ತರ ಹುಡುಕಿದರೆ ಆ ಊರಿನ ಇತಿಹಾಸ, ಭೂಗೋಳ ಎರಡೂ ತಾನಾಗಿಯೇ ಅರ್ಥ ಆಗುತ್ತೆ.

ನೆಲವೂ ಅಲ್ಲ, ಕಡಲೂ ಅಲ್ಲ

ಮೊದಲು ಜಾಗ ನೋಡೋಣ. ಹೇಗೆಬೈಂಟುಮ್‌ನಿಂದ ಇನ್ನೂ ಉತ್ತರಕ್ಕೆ ಕೆಲವು ಕಿಲೋಮೀಟರ್ ಹೋದರೆ ವಾಡನ್ ಸಮುದ್ರ. ಅದರಾಚೆ ಆಮೆಲಾಂಡ್ ಅನ್ನೋ ಉದ್ದನೆಯ ಮರಳು ದ್ವೀಪ. ಅದರಾಚೆ ದೊಡ್ಡ ಉತ್ತರ ಸಮುದ್ರ.

ಈ ವಾಡನ್ ಸಮುದ್ರ ಒಂದು ವಿಚಿತ್ರ ಸಮುದ್ರ. ದಿನಕ್ಕೆ ಎರಡು ಸಲ ಭರತಿ, ಎರಡು ಸಲ ಇಳಿತ. ಭರತಿಯಲ್ಲಿ ನೀರು ತುಂಬುತ್ತೆ. ಇಳಿತದಲ್ಲಿ ಮೈಲಿಗಟ್ಟಲೆ ಕೆಸರು ಬಯಲು ತೆರೆದುಕೊಳ್ಳುತ್ತೆ. ಗೊತ್ತಿರುವ ಮಾರ್ಗದರ್ಶಿ ಜೊತೆಗಿದ್ದರೆ ಆ ಕೆಸರಿನಲ್ಲಿ ನಡೆದುಕೊಂಡೇ ದ್ವೀಪಕ್ಕೆ ಹೋಗಬಹುದು. 2009ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಪ್ರತಿ ಭರತಿಯೂ ಒಂದಿಷ್ಟು ಸಣ್ಣ ಕೆಸರನ್ನು ತಂದು ದಡದಲ್ಲಿ ಬಿಡುತ್ತೆ. ಅದು ಸ್ವಲ್ಪ ಸ್ವಲ್ಪವೇ ಏರುತ್ತೆ. ಸಾಕಷ್ಟು ಎತ್ತರ ಆದಮೇಲೆ ಉಪ್ಪು ತಡೆಯುವ ಹುಲ್ಲು ಹುಟ್ಟುತ್ತೆ. ಆ ಹುಲ್ಲು ಇನ್ನಷ್ಟು ಕೆಸರನ್ನು ಹಿಡಿದಿಡುತ್ತೆ. ಹೀಗೆ ಹುಟ್ಟಿದ್ದು ಫ್ರಿಸ್ಲಾನ್‌ನ ಉತ್ತರದ ಜೇಡಿಮಣ್ಣಿನ ಬಯಲು. ದಿನನಿತ್ಯದ ಭರತಿಗೆ ಅದು ಮುಳುಗಲ್ಲ. ಆದರೆ ಚಳಿಗಾಲದ ಬಿರುಗಾಳಿ ಕಡಲನ್ನು ತಳ್ಳಿಕೊಂಡು ಬಂದಾಗ ಪೂರ್ತಿ ಮುಳುಗುತ್ತೆ. ಕುಮಟಾ, ಅಘನಾಶಿನಿ ಕಡೆಯವರಿಗೆ ಗಜನಿ ಗದ್ದೆ ಗೊತ್ತಿರುತ್ತೆ. ಉಪ್ಪುನೀರು ಬಂದು ಹೋಗೋ ನೆಲ ಅಂದರೆ ಏನು ಅಂತ ಅವರಿಗೆ ನಾನು ವಿವರಿಸಬೇಕಾಗಿಲ್ಲ.

ಇಂಥ ಜಾಗಕ್ಕೆ ಜನ ಯಾಕೆ ಬಂದರು? ಹುಲ್ಲಿಗಾಗಿ. ಉಪ್ಪಿನ ಬಯಲಿನ ಹುಲ್ಲು ದನಕ್ಕೂ ಕುರಿಗೂ ಬಹಳ ಒಳ್ಳೇ ಮೇವು. ಒಳನಾಡಿನಲ್ಲಿ ಆಗ ಕಾಲಿಟ್ಟರೆ ಹೂತುಹೋಗುವ ಜವುಗು, ಇಲ್ಲವೇ ಬಡ ಮರಳು. ಇಲ್ಲಿ ಕಾಡು ಕಡಿಯೋ ಕೆಲಸವೂ ಇಲ್ಲ. ಕ್ರಿಸ್ತಪೂರ್ವ 600ರ ಆಸುಪಾಸಿನಿಂದ ಜನ ಈ ಬಯಲಿಗೆ ಬಂದು ನೆಲೆಸೋಕೆ ಶುರು ಮಾಡಿದರು. ವರ್ಷದ ಬಹುಪಾಲು ದಿನ ಸ್ವರ್ಗ, ಕೆಲವು ರಾತ್ರಿ ಮಾತ್ರ ನರಕ. ಆ ಕೆಲವು ರಾತ್ರಿಗಳಿಗಾಗಿ ಗುಡ್ಡ ಬೇಕಾಯ್ತು.

ಗುಡ್ಡ ಬೆಳೆದ ಬಗೆ

ಇಂಥ ಗುಡ್ಡಕ್ಕೆ ಅಲ್ಲಿನ ಭಾಷೆಯಲ್ಲಿ ಟೆರ್ಪ್ ಅಂತಾರೆ. ಆ ಪದದ ಮೂಲ ಅರ್ಥ "ಗುಡ್ಡ" ಅಲ್ಲ, "ಊರು"! ಜರ್ಮನ್ ಭಾಷೆಯ ಡಾರ್ಫ್, ಇಂಗ್ಲಿಷ್ ಊರ ಹೆಸರುಗಳ ಕೊನೆಯಲ್ಲಿ ಬರೋ ಥಾರ್ಪ್, ಇವೆಲ್ಲ ಅದೇ ಪದದ ನಂಟರು. ಊರು ಅಂದರೆ ಗುಡ್ಡದ ಮೇಲೇ ಇರಬೇಕು. ಹಾಗಾಗಿ ಊರಿನ ಹೆಸರೇ ಗುಡ್ಡಕ್ಕೂ ಬಂತು. ಫ್ರಿಸ್ಲಾನ್ ಮತ್ತು ಪಕ್ಕದ ಗ್ರೋನಿಂಗನ್ ಪ್ರಾಂತ್ಯ ಎರಡೂ ಸೇರಿ ಇಂಥ ಗುಡ್ಡಗಳು ಸಾವಿರಕ್ಕೂ ಹೆಚ್ಚು. ಅವುಗಳಲ್ಲೆಲ್ಲ ಎತ್ತರದ್ದು ಹೇಗೆಬೈಂಟುಮ್.

ಬೆಳೆದದ್ದು ಹೀಗೆ. ಮೊದಲು ಒಂದೊಂದು ಮನೆಗೆ ಒಂದೊಂದು ಜಗುಲಿ. ಬಯಲಿನಿಂದ ಹುಲ್ಲಿನ ಬೇರು ಸಮೇತ ಹೆಂಟೆ ಕತ್ತರಿಸಿ ತಂದು ಇಟ್ಟಿಗೆ ಪೇರಿಸಿದ ಹಾಗೆ ಪೇರಿಸೋದು. ಅದರ ಮೇಲೆ ಉದ್ದನೆಯ ಮನೆ. ಗೋಡೆಯೂ ಹೆಂಟೆಯದೇ, ಇಲ್ಲವೇ ಹೆಣೆದ ಕಡ್ಡಿಯ ತಟ್ಟಿಗೆ ಮಣ್ಣು ಮೆತ್ತಿದ್ದು. ಒಂದು ತುದಿಯಲ್ಲಿ ಮನೆಯವರು, ಇನ್ನೊಂದು ತುದಿಯಲ್ಲಿ ದನ, ಎಲ್ಲ ಒಂದೇ ಸೂರಿನಡಿ. ನಮ್ಮಲ್ಲಿ ಮಲೆನಾಡು, ಬಯಲುಸೀಮೆ ಎರಡೂ ಕಡೆ ಹಳೇ ಮನೆಗಳಲ್ಲಿ ಕೊಟ್ಟಿಗೆ ಒಳಗೇ ಇರ್ತಿತ್ತಲ್ಲ, ಆ ಥರ.

ಚಳಿಗಾಲ ಪೂರ್ತಿ ದನ ಒಳಗೆ. ಸಗಣಿ ರಾಶಿ ಬೀಳುತ್ತೆ. ಈ ಬಯಲಿನ ಹೊಸ ಜೇಡಿಮಣ್ಣು ಮೊದಲೇ ಫಲವತ್ತಾದ್ದು. ಹಾಗಾಗಿ ಸಗಣಿಯನ್ನೆಲ್ಲ ಹೊಲಕ್ಕೆ ಸುರಿಯಲೇಬೇಕಾದ ಒತ್ತಡ ಕಡಿಮೆ. ಅದನ್ನು ಜಗುಲಿಯ ಪಕ್ಕಕ್ಕೇ ಹಾಕಿ, ಮೇಲೆ ಮಣ್ಣು ಮುಚ್ಚಿದರೆ ಜಗುಲಿ ಅಗಲ ಆಗುತ್ತೆ. ಮನೆ ಮಣ್ಣಿನದು, ಬಹಳ ಕಾಲ ಬಾಳಿಕೆ ಬರಲ್ಲ. ಬಿದ್ದರೆ ಅಲ್ಲೇ ಸಮ ಮಾಡಿ, ಇನ್ನೊಂದು ಪದರ ಏರಿಸಿ, ಅದರ ಮೇಲೆ ಹೊಸ ಮನೆ. ಅಗಲವಾಗುತ್ತಾ ಬಂದು ಅಕ್ಕಪಕ್ಕದ ಜಗುಲಿಗಳು ಒಂದಕ್ಕೊಂದು ಕೂಡಿಕೊಂಡು ಒಂದೇ ಗುಡ್ಡ ಆಗುತ್ತೆ. ಊರು ಬೆಳೀತಾ ಹೋದಂತೆ ನೆಲವೂ ಬೆಳೀತಾ ಹೋಗುತ್ತೆ.

ಕುಡಿಯೋ ನೀರು? ಸುತ್ತಲೂ ಉಪ್ಪು. ಮಳೆನೀರೇ ಗತಿ. ಅದಕ್ಕಾಗಿ ಗುಡ್ಡಗಳ ಮೇಲೆ ಹೊಂಡ ತೋಡಿ ಸಿಹಿನೀರು ಹಿಡಿದಿಡುತ್ತಿದ್ದರು. ಬಿರುಗಾಳಿ ರಾತ್ರಿ ಮನುಷ್ಯರು, ದನ, ನೀರು ಮೂರೂ ಮೇಲೆ. ಬೆಳಗಾದರೆ ಸುತ್ತ ಕಡಲು, ನಡುವೆ ದ್ವೀಪದ ಹಾಗೆ ಊರು.

ರೋಮಿನವರು ಕಂಡದ್ದು, ಕಾಣದ್ದು

ಈ ಬದುಕನ್ನು ಹೊರಗಿನವನೊಬ್ಬ ನೋಡಿ ಬರೆದಿಟ್ಟಿದ್ದಾನೆ. ರೋಮಿನ ಪ್ಲಿನಿ. ಕ್ರಿಸ್ತಶಕ 47ರ ಸುಮಾರಿಗೆ ಸೈನ್ಯದ ಅಧಿಕಾರಿಯಾಗಿ ಈ ಕರಾವಳಿಗೆ ಬಂದಿದ್ದ. ಫ್ರಿಸಿಯನ್ನರ ಪೂರ್ವಕ್ಕಿದ್ದ ಚೌಕಿ ಅನ್ನೋ ಜನರ ಬಗ್ಗೆ ಆತ ಬರೆದ. ಅವರೂ ಇದೇ ಥರ ಗುಡ್ಡ ಕಟ್ಟಿಕೊಂಡು ಬದುಕುತ್ತಿದ್ದವರು. ಅವನ ಕಣ್ಣಿಗೆ ಅವರು ಪಾಪದ ಜನ. ನೀರು ಏರಿದಾಗ ಹಡಗಿನ ಮೇಲಿರುವವರ ಹಾಗೆ ಕಾಣ್ತಾರೆ, ಇಳಿದಾಗ ಹಡಗು ಒಡೆದು ದಡ ಸೇರಿದವರ ಹಾಗೆ ಕಾಣ್ತಾರೆ, ದನ ಇಲ್ಲ, ಮರ ಇಲ್ಲ, ಕೈಯಲ್ಲಿ ಬಾಚಿದ ಕೆಸರನ್ನು ಗಾಳಿಗೆ ಒಣಗಿಸಿ ಉರಿಸ್ತಾರೆ, ಮಳೆನೀರು ಕುಡೀತಾರೆ ಅನ್ನೋದು ಅವನ ವರದಿಯ ಸಾರ. ಇಷ್ಟೆಲ್ಲ ಕಷ್ಟ ಇದ್ದರೂ ಇವರನ್ನು ರೋಮ್ ಗೆದ್ದರೆ ಅದನ್ನೇ ಗುಲಾಮಗಿರಿ ಅಂತ ಕರೀತಾರಲ್ಲ ಅಂತ ಅವನಿಗೆ ಆಶ್ಚರ್ಯ ಬೇರೆ.

ಆದರೆ ಮಣ್ಣು ಬೇರೆಯೇ ಹೇಳುತ್ತೆ. ಇಂಥ ಗುಡ್ಡಗಳನ್ನು ಅಗೆದಾಗ ಸಿಕ್ಕಿದ್ದು ರಾಶಿ ರಾಶಿ ದನದ ಮೂಳೆ, ಕುರಿಯ ಮೂಳೆ, ಕೊಟ್ಟಿಗೆಯ ಸಾಲು. ಅಷ್ಟು ಸಗಣಿ ಬೀಳಬೇಕಾದರೆ ದನ ಇರಲೇಬೇಕಲ್ಲ!

ರೋಮಿನವರದ್ದೇ ಇನ್ನೊಂದು ದಾಖಲೆಯೂ ಪ್ಲಿನಿಯ ಮಾತಿಗೆ ಹೊಂದಲ್ಲ. ಫ್ರಿಸಿಯನ್ನರ ಮೇಲೆ ರೋಮ್ ಹಾಕಿದ್ದ ಕಂದಾಯ ಯಾವುದರಲ್ಲಿ ಗೊತ್ತಾ? ದನದ ಚರ್ಮದಲ್ಲಿ. ಇತಿಹಾಸಕಾರ ಟ್ಯಾಸಿಟಸ್ ಇದನ್ನು ಬರೆದಿದ್ದಾನೆ. ಮೊದಲು ಹಗುರವಾಗಿಯೇ ಇತ್ತು. ಆಮೇಲೆ ಬಂದ ಒಲೆನ್ನಿಯಸ್ ಅನ್ನೋ ಅಧಿಕಾರಿ, ಚರ್ಮ ಕಾಡೆತ್ತಿನ ಚರ್ಮದಷ್ಟು ದೊಡ್ಡದಿರಬೇಕು ಅಂತ ಅಳತೆ ಬದಲಿಸಿದ. ಇವರದ್ದು ಸಣ್ಣ ತಳಿಯ ದನ. ಕೊಡೋಕೆ ಆಗಲಿಲ್ಲ. ಮೊದಲು ದನ ಕೊಟ್ಟರು, ಆಮೇಲೆ ಹೊಲ ಕೊಟ್ಟರು, ಕೊನೆಗೆ ಹೆಂಡತಿ ಮಕ್ಕಳನ್ನೇ ಅಡಿಯಾಳಾಗಿ ಕೊಡುವಷ್ಟು ಆಯ್ತು. ಕ್ರಿಸ್ತಶಕ 28ರಲ್ಲಿ ಎದ್ದು ನಿಂತು ಕಂದಾಯ ವಸೂಲಿಗೆ ಬಂದ ಸೈನಿಕರನ್ನು ನೇಣಿಗೆ ಹಾಕಿದರು. ಯುದ್ಧ ಆಯ್ತು, ಒಂದೇ ಕಾಡಿನಲ್ಲಿ 900 ರೋಮನ್ನರು ಸತ್ತರು ಅಂತ ಟ್ಯಾಸಿಟಸ್ ಲೆಕ್ಕ ಕೊಡ್ತಾನೆ. ಪ್ಲಿನಿಗೆ ಆಶ್ಚರ್ಯ ಆಗಿದ್ದಕ್ಕೆ ಉತ್ತರ ಅವನು ಬರೋದಕ್ಕೆ ಹತ್ತೊಂಬತ್ತು ವರ್ಷ ಮೊದಲೇ ಸಿಕ್ಕಿತ್ತು.

ನಾಲ್ಕು, ಐದನೇ ಶತಮಾನದಲ್ಲಿ ಈ ಕರಾವಳಿಯ ಬಹಳಷ್ಟು ಗುಡ್ಡಗಳು ಖಾಲಿ ಬಿದ್ದವು. ಆಮೇಲೆ ಮತ್ತೆ ಜನ ಬಂದು ತುಂಬಿಕೊಂಡರು. ಏಳು, ಎಂಟನೇ ಶತಮಾನದ ಹೊತ್ತಿಗೆ ಫ್ರಿಸಿಯನ್ನರು ಉತ್ತರ ಸಮುದ್ರದ ದೊಡ್ಡ ವ್ಯಾಪಾರಿಗಳು. ಎಷ್ಟು ಗಟ್ಟಿ ಅಂದರೆ, ಕ್ರೈಸ್ತ ಧರ್ಮ ಸಾರೋಕೆ ಬಂದ ಬೋನಿಫೇಸ್‌ನನ್ನು 754ರಲ್ಲಿ ಡೊಕ್ಕುಮ್ ಹತ್ತಿರ ಕೊಂದರು. ಆ ಡೊಕ್ಕುಮ್ ಹೇಗೆಬೈಂಟುಮ್‌ಗೆ ಹತ್ತಿರದ ಪಟ್ಟಣ. ಕೊನೆಗೆ ಆ ಧರ್ಮವೇ ಗೆದ್ದಿತು. 12ನೇ ಶತಮಾನದಲ್ಲಿ ಗುಡ್ಡದ ನೆತ್ತಿಯ ಮೇಲೆ ಕಲ್ಲಿನ ಚರ್ಚು ಎದ್ದಿತು. ಆ ನಾಡಿನಲ್ಲಿ ಕಟ್ಟೋಕೆ ಕಲ್ಲೇ ಇಲ್ಲ. ಆ ಕಾಲದ ಫ್ರಿಸಿಯನ್ ಚರ್ಚುಗಳಿಗೆ ಹಗುರವಾದ ಟಫ್ ಕಲ್ಲು ಜರ್ಮನಿಯ ಐಫೆಲ್ ಬೆಟ್ಟಗಳಿಂದ, ರೈನ್ ನದಿಯಲ್ಲಿ ದೋಣಿ ಏರಿ ಬರ್ತಿತ್ತು. ಈ ಚರ್ಚನ್ನು ನೆನಪಿಟ್ಟುಕೊಳ್ಳಿ. ಮುಂದೆ ಗುಡ್ಡದ ಒಂದು ತುಂಡಾದರೂ ಉಳಿದದ್ದು ಇದರಿಂದಲೇ.

ಗುಡ್ಡದಿಂದ ಒಡ್ಡಿಗೆ

ಕ್ರಿಸ್ತಶಕ 1000 ದಾಟಿದ ಮೇಲೆ ಇಲ್ಲಿನ ಜನ ಯೋಚನೆಯನ್ನೇ ಬದಲಿಸಿದರು. ನಾವು ಮೇಲೆ ಹತ್ತೋದರ ಬದಲು ಕಡಲನ್ನೇ ಆಚೆ ನಿಲ್ಲಿಸಿದರೆ? ಒಡ್ಡು ಕಟ್ಟೋಕೆ ಶುರು ಮಾಡಿದರು. ನಮ್ಮ ಕೆರೆ ಏರಿಯ ಹಾಗೆ ಮಣ್ಣಿನ ಒಡ್ಡು. ಕೆರೆ ಏರಿ ನೀರನ್ನು ಒಳಗೆ ಹಿಡಿದಿಡುತ್ತೆ, ಇದು ಹೊರಗೆ ತಡೆದಿಡುತ್ತೆ. ಮೊದಲು ಹೊಲಗಳ ಸುತ್ತ ಸಣ್ಣ ಸಣ್ಣವು, ಆಮೇಲೆ ಒಂದಕ್ಕೊಂದು ಸೇರಿಸಿ ಕರಾವಳಿ ಉದ್ದಕ್ಕೂ.

ಇಲ್ಲಿ ಒಂದು ಸೂಕ್ಷ್ಮ ಇದೆ, ಗಮನಿಸಿ. ಗುಡ್ಡ ಅನ್ನೋದು ಒಂದು ಊರಿನ ಸ್ವಂತ ಆಸ್ತಿ. ಪಕ್ಕದ ಊರಿನವರು ತಮ್ಮ ಗುಡ್ಡ ಏರಿಸದಿದ್ದರೆ ಅದು ಅವರ ಪಾಡು, ನಮ್ಮ ಊರು ಮುಳುಗಲ್ಲ. ಒಡ್ಡು ಹಾಗಲ್ಲ. ಎಲ್ಲೋ ಒಂದು ಕಡೆ ಯಾರೋ ಒಬ್ಬ ತನ್ನ ಪಾಲಿನ ಒಡ್ಡನ್ನು ನೋಡಿಕೊಳ್ಳದಿದ್ದರೆ ಎಲ್ಲರ ಹೊಲಕ್ಕೂ ಉಪ್ಪುನೀರು. ಹಾಗಾಗಿ ಒಡ್ಡಿನ ಜೊತೆ ಕಟ್ಟುನಿಟ್ಟಿನ ಕಾನೂನೂ ಬಂತು. ಒಡ್ಡಿನ ಕೆಲಸ ಮಾಡದವನು ಜಾಗ ಖಾಲಿ ಮಾಡಬೇಕು ಅಂತ ಆ ಕರಾವಳಿಯಲ್ಲಿ ಗಾದೆಯೇ ಇದೆ. ತನ್ನ ಪಾಲು ಮಾಡೋಕಾಗದವನು ತನ್ನ ಸನಿಕೆಯನ್ನು ಒಡ್ಡಿಗೆ ಚುಚ್ಚಿ ಹೊರಟುಹೋಗಬೇಕು. ಆ ಸನಿಕೆ ಕಿತ್ತವನಿಗೆ ಹೊಲವೂ ಸೇರುತ್ತೆ, ಒಡ್ಡಿನ ಹೊಣೆಯೂ ಸೇರುತ್ತೆ. ಇದೇ ಮುಂದೆ ನೀರು ಮಂಡಳಿಗಳಾಗಿ ಬೆಳೆಯಿತು. ಇವತ್ತಿಗೂ ಫ್ರಿಸ್ಲಾನ್‌ನಲ್ಲಿ ನೀರು ಮಂಡಳಿಗೆ ಪ್ರತ್ಯೇಕ ಚುನಾವಣೆ ನಡೆಯುತ್ತೆ, ಪ್ರತ್ಯೇಕ ತೆರಿಗೆ ಇದೆ.

ಒಡ್ಡು ಬಂದ ಮೇಲೂ ಕಡಲು ಸುಮ್ಮನಿರಲಿಲ್ಲ. 1570ರ ನವೆಂಬರ್‌ನಲ್ಲಿ, 1717ರ ಕ್ರಿಸ್ಮಸ್ ರಾತ್ರಿ ಈ ಕರಾವಳಿ ಭೀಕರ ಪ್ರವಾಹ ಕಂಡಿತು. ಒಡ್ಡು ಒಡೆದಾಗ ಹಳೇ ಗುಡ್ಡಗಳೇ ಆಸರೆ. ಆದರೆ ಪ್ರತಿ ಪ್ರವಾಹದ ಮೇಲೆ ಒಡ್ಡು ಇನ್ನಷ್ಟು ಎತ್ತರ ಆಯ್ತು, ಇನ್ನಷ್ಟು ಗಟ್ಟಿ ಆಯ್ತು. ಜನ ಗುಡ್ಡದಿಂದ ಇಳಿದು ಬಯಲಿನಲ್ಲಿ ಮನೆ ಕಟ್ಟಿಕೊಂಡರು. 19ನೇ ಶತಮಾನದ ಹೊತ್ತಿಗೆ ಗುಡ್ಡ ಯಾಕೆ ಇತ್ತು ಅನ್ನೋದು ದಿನನಿತ್ಯದ ಬದುಕಿನಿಂದ ಮರೆಯಾಗಿತ್ತು.

ದೋಣಿ ದೋಣಿ ಮಣ್ಣು

ಆಗ ಯಾರಿಗೋ ಒಂದು ವಿಷಯ ಹೊಳೆಯಿತು. ಸಾವಿರಾರು ವರ್ಷದ ಸಗಣಿ, ಮೂಳೆ, ಬೂದಿ ಸೇರಿದ ಮಣ್ಣು ಅಂದರೆ ಗೊಬ್ಬರವೇ ಅಲ್ವಾ? ಅದರಲ್ಲಿ ರಂಜಕ ಇದೆ, ಸುಣ್ಣ ಇದೆ. ದೇಶದ ಬೇರೆ ಕಡೆ ಬಡ ಮರಳು ಹೊಲ, ಜವುಗು ತೆಗೆದ ಸತ್ವವಿಲ್ಲದ ನೆಲ ಬೇಕಾದಷ್ಟಿತ್ತು. ಅಲ್ಲಿನ ರೈತರು ಈ ಮಣ್ಣಿಗೆ ದುಡ್ಡು ಕೊಡೋಕೆ ಸಿದ್ಧ. ರಾಸಾಯನಿಕ ಗೊಬ್ಬರ ಇನ್ನೂ ಅಂಗಡಿಗೆ ಬಂದಿರಲಿಲ್ಲ.

1840ರ ದಶಕದ ಹೊತ್ತಿಗೆ ಈ ವ್ಯಾಪಾರ ಶುರುವಾಗಿತ್ತು. ಶತಮಾನದ ಕೊನೆಗೆ ಅದು ಉದ್ಯಮವೇ ಆಗಿಬಿಟ್ಟಿತು. ಅದಕ್ಕೆ ಇನ್ನೊಂದು ಕಾರಣವೂ ಸೇರಿತು. 1880ರ ದಶಕದಲ್ಲಿ ಅಮೆರಿಕದಿಂದ ಅಗ್ಗದ ಧಾನ್ಯ ಯುರೋಪಿಗೆ ಹರಿದುಬಂದು, ಬೆಲೆ ಕುಸಿದು, ಫ್ರಿಸ್ಲಾನ್‌ನ ರೈತರು ನೆಲಕಚ್ಚಿದರು. ಕೂಲಿಯವರಿಗೆ ಕೆಲಸ ಇಲ್ಲ. ಜಮೀನಿನ ಮೇಲೆ ಸಾಲ. ಅಂಥ ಹೊತ್ತಿನಲ್ಲಿ ಮನೆ ಹಿಂದಿನ ದಿಬ್ಬವನ್ನೇ ಯಾರಾದರೂ ದುಡ್ಡು ಕೊಟ್ಟು ಒಯ್ತೀನಿ ಅಂದರೆ ಬೇಡ ಅನ್ನೋಕೆ ಎಷ್ಟು ಜನಕ್ಕೆ ಆಗುತ್ತೆ? ಮಾರಿದ ಮೇಲೆ ಸಮ ಆದ ನೆಲವೂ ಉಳುಮೆಗೆ ಸಿಗುತ್ತೆ.

ಅಗೆಯೋ ವಿಧಾನ ಹೀಗಿತ್ತು. ಗುಡ್ಡದ ಬುಡದ ತನಕ ಕಾಲುವೆ ತೋಡೋದು. ಕೂಲಿಯವರು ಸನಿಕೆ ಹಿಡಿದು ಗುಡ್ಡದ ಪಕ್ಕವನ್ನು ನೇರ ಗೋಡೆಯ ಹಾಗೆ ಕಡೀತಾ ಹೋಗೋದು. ಸಣ್ಣ ಹಳಿ ಹಾಕಿ, ತಳ್ಳೋ ಗಾಡಿಯಲ್ಲಿ ಮಣ್ಣು ತುಂಬಿ, ದೋಣಿಗೆ ಸುರಿಯೋದು. ದೋಣಿ ಹೊರಟಿತು. ಮರುದಿನ ಇನ್ನೊಂದು. ಎಷ್ಟೋ ಗುಡ್ಡಗಳು ಹೀಗೆ ಪೂರ್ತಿ ಮಾಯವಾದವು. ಇನ್ನು ಕೆಲವು ಅರ್ಧ ಉಳಿದವು, ಚಾಕುವಿನಲ್ಲಿ ಕೊಯ್ದ ಕೇಕಿನ ಹಾಗೆ.

ಹೇಗೆಬೈಂಟುಮ್‌ನ ಸರದಿಯೂ ಬಂತು. 19ನೇ ಶತಮಾನದ ಕೊನೆ, 20ನೇ ಶತಮಾನದ ಆರಂಭದಲ್ಲಿ ಗುಡ್ಡದ ಬಹುಪಾಲು ಹೋಯ್ತು. ನೆತ್ತಿಯಲ್ಲಿ ಚರ್ಚು ಮತ್ತು ಸುತ್ತ ಊರವರ ಸಮಾಧಿ ಇದ್ದದ್ದರಿಂದ ಅದೊಂದು ತುಂಡಿಗೆ ಯಾರೂ ಕೈ ಹಾಕಲಿಲ್ಲ. ಹಾಗಾಗಿ ಇವತ್ತು ಆ ಚರ್ಚು ಕಡಿದಾದ ದಿಣ್ಣೆಯ ಅಂಚಿನಲ್ಲಿ ನಿಂತ ಹಾಗೆ ಕಾಣುತ್ತೆ. ಮೊದಲು ಆ ಗುಡ್ಡ ಹಾಗಿರಲಿಲ್ಲ. ನಿಧಾನವಾಗಿ ಇಳಿಜಾರಾಗಿ, ಅಗಲವಾಗಿ ಹರಡಿತ್ತು. ದೇಶದಲ್ಲೇ ಎತ್ತರದ ಟೆರ್ಪ್ ಅಂತ ಪ್ರವಾಸಿಗರು ಇವತ್ತು ನೋಡಿ ಬರೋದು ಮಾರಿ ಉಳಿದ ತುಂಡನ್ನು.

ಮಣ್ಣಿನ ಜೊತೆ ಹೋದದ್ದು

ಮಣ್ಣು ಅಗೆಯುವಾಗ ಏನೇನೋ ಸಿಗ್ತಿತ್ತು. ಮೂಳೆಯ ಬಾಚಣಿಗೆ, ಹಿಮದ ಮೇಲೆ ಜಾರೋಕೆ ಮೂಳೆಯಲ್ಲಿ ಮಾಡಿದ ಮೆಟ್ಟು, ಮಡಕೆ, ನಾಣ್ಯ, ಸೊಂಟಪಟ್ಟಿಯ ಕೊಂಡಿ, ಬಟ್ಟೆಗೆ ಸಿಕ್ಕಿಸುವ ಪಿನ್ನು. ಕೂಲಿಯವರು ಅದನ್ನು ಹಳೇ ಸಾಮಾನಿನ ವ್ಯಾಪಾರಿಗೋ, ಲೇವಾರ್ಡನ್‌ನ ಮ್ಯೂಸಿಯಂಗೋ ಕೊಟ್ಟು ನಾಲ್ಕು ಕಾಸು ಮಾಡಿಕೊಳ್ತಿದ್ದರು. ಆ ಮ್ಯೂಸಿಯಂನ ಅಧಿಕಾರಿ ಬೋಲೆಸ್ ಅನ್ನುವವರು 20ನೇ ಶತಮಾನದ ಮೊದಲ ದಶಕದಲ್ಲಿ ಹೇಗೆಬೈಂಟುಮ್ ಅಗೆತದ ಮೇಲೆ ಕಣ್ಣಿಟ್ಟರು. ಅಲ್ಲಿ ಒಂದು ಹಳೇ ಸ್ಮಶಾನ ತೆರೆದುಕೊಂಡಿತು. ಚರ್ಚಿಗಿಂತ ನೂರಾರು ವರ್ಷ ಹಿಂದಿನದು. ಸುಟ್ಟು ಬೂದಿಯನ್ನು ಹೂತವರೂ ಇದ್ದರು, ಹಾಗೇ ಮಣ್ಣು ಮಾಡಿದವರೂ ಇದ್ದರು. ಬೋಲೆಸ್ ಮುಂದೆ 1927ರಲ್ಲಿ 11ನೇ ಶತಮಾನದವರೆಗಿನ ಫ್ರಿಸ್ಲಾನ್ ಬಗ್ಗೆ ದೊಡ್ಡ ಪುಸ್ತಕ ಬರೆದರು. ಅಂದರೆ ಫ್ರಿಸಿಯನ್ನರ ಹಳೇ ಬದುಕಿನ ಬಗ್ಗೆ ಇವತ್ತು ಗೊತ್ತಿರುವುದರಲ್ಲಿ ಬಹಳಷ್ಟು ಗೊತ್ತಾದದ್ದೇ ಗುಡ್ಡ ಮಾರಿದ್ದರಿಂದ.

ಆದರೆ ವಸ್ತು ಸಿಕ್ಕರೆ ಸಾಕಾಗಲ್ಲ. ಯಾವ ಪದರದಲ್ಲಿ, ಯಾವ ಮನೆಯಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕಿತು ಅನ್ನೋದು ಗೊತ್ತಾದರೆ ಮಾತ್ರ ಅದು ಕಥೆ ಹೇಳುತ್ತೆ. ಇಲ್ಲದಿದ್ದರೆ ಬರೀ ಬಾಚಣಿಗೆ. ಸರಿಯಾಗಿ ಅಗೆದರೆ ಏನು ಸಿಗಬಹುದು ಅನ್ನೋದನ್ನು ತೋರಿಸಿದವರು ವಾನ್ ಗಿಫನ್. ಇಂಥ ಗುಡ್ಡಗಳ ಅಧ್ಯಯನಕ್ಕಾಗಿಯೇ 1916ರಲ್ಲಿ ಒಂದು ಸಂಘ ಹುಟ್ಟಿತು. ಅವರು 1920, 30ರ ದಶಕದಲ್ಲಿ ಗ್ರೋನಿಂಗನ್‌ನ ಏಸಿಂಗೆ ಅನ್ನೋ ಊರಿನ ಗುಡ್ಡವನ್ನು ಪದರ ಪದರವಾಗಿ ಬಿಡಿಸಿದರು. ಒಂದರ ಮೇಲೊಂದು ಮನೆ, ಹೆಣೆದ ಗೋಡೆ ಸಮೇತ, ಕೊಟ್ಟಿಗೆ ಸಮೇತ ಹಾಗೇ ಕೂತಿದ್ದವು. ಹೇಗೆಬೈಂಟುಮ್ ಅವೆಲ್ಲಕ್ಕಿಂತ ಎತ್ತರದ್ದು. ಅದರೊಳಗೆ ಇದ್ದ ಮನೆಗಳ ಸಾಲು ಮಾತ್ರ ಆಲೂಗಡ್ಡೆ ಹೊಲಗಳಲ್ಲಿ ಹರಡಿಹೋಗಿದೆ.

ಇದನ್ನು ಕೇಳಿ ಯುರೋಪಿನವರು ಹೀಗೇ ಅಂತ ಅಂದುಕೊಳ್ಳೋ ಹಾಗಿಲ್ಲ. ಪುಣೆ, ಅಹಮದ್‌ನಗರ ಕಡೆ ಇರೋರು "ಪಾಂಢರಿ" ಅನ್ನೋ ಮರಾಠಿ ಪದ ಕೇಳಿರಬಹುದು. ಉಳುವ ಕಪ್ಪು ನೆಲಕ್ಕೆ ಕಾಳಿ, ಊರಿದ್ದ ಬಿಳಿಮಣ್ಣಿನ ನೆಲಕ್ಕೆ ಪಾಂಢರಿ. ಹೈದರಾಬಾದ್ ಸುತ್ತಲಿನ ಹಳ್ಳಿಗಳಲ್ಲಿ ಅದೇ ಥರದ ಜಾಗಕ್ಕೆ ಪಾಟಿ ದಿಬ್ಬ, ಪಾಟಿ ಗಡ್ಡ ಅಂತಾರೆ. ಎರಡೂ ಕಡೆ ರೈತರು ಆ ಹಳೇ ಊರ ಮಣ್ಣನ್ನು ಗಾಡಿಯಲ್ಲಿ ತುಂಬಿ ಹೊಲಕ್ಕೆ ಹಾಕುತ್ತಾ ಬಂದಿದ್ದಾರೆ. ಎಷ್ಟೋ ಪ್ರಾಚೀನ ನೆಲೆಗಳು ಹಾಗೇ ಕರಗಿಹೋದವು. ನಮ್ಮ ಬಳ್ಳಾರಿ ಕಡೆ ಕುಡತಿನಿಯಲ್ಲಿರೋ ಬೂದಿದಿಬ್ಬವಂತೂ ನೇರ ಸೋದರ ಸಂಬಂಧಿ. ನವಶಿಲಾಯುಗದ ದನಗಾಹಿಗಳ ಸಗಣಿ ರಾಶಿ ಸುಟ್ಟು ಆದ ದಿಬ್ಬ ಅದು. ತಿಪ್ಪೆಯನ್ನು ಯಾರೂ ಸ್ಮಾರಕ ಅಂತ ನೋಡಲ್ಲ. ಅದರಿಂದಾಗಿಯೇ ಅದು ಬೇಗ ಹೋಗುತ್ತೆ.

ಈಗಿನ ಊರು

ರಾಸಾಯನಿಕ ಗೊಬ್ಬರ ಅಗ್ಗವಾದಂತೆ ಮಣ್ಣಿನ ವ್ಯಾಪಾರ ಇಳಿಯಿತು. 1940ರ ದಶಕದ ಹೊತ್ತಿಗೆ ನಿಂತುಹೋಯ್ತು. ಇವತ್ತು ಹೇಗೆಬೈಂಟುಮ್‌ಗೆ ಹೋದರೆ ಒಂದಷ್ಟು ಮನೆ, ಸುತ್ತ ಹೊಲ, ಹುಲ್ಲುಗಾವಲು. ಮೆಟ್ಟಿಲು ಹತ್ತಿದರೆ ಚರ್ಚು. ಒಳಗೆ ಗೋಡೆಯ ಮೇಲೆ ಸಾಲಾಗಿ ಕೆತ್ತನೆಯ ಹಲಗೆಗಳು. ಪಕ್ಕದ ಹಾರ್ಸ್ಟಾ ಅನ್ನೋ ದೊಡ್ಡ ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಅವರ ಲಾಂಛನ ಕೆತ್ತಿಸಿ ಚರ್ಚಿನಲ್ಲಿ ತೂಗುಹಾಕುತ್ತಿದ್ದರು. ಅದಕ್ಕೆ ಶೋಕದ ಹಲಗೆ ಅಂತ ಹೆಸರು. ದೊಡ್ಡವರ ನೆನಪು ಹೀಗೆ ಗೋಡೆಯ ಮೇಲೆ ಉಳಿಯಿತು. ಗುಡ್ಡ ಕಟ್ಟಿದ ಸಾಮಾನ್ಯರ ನೆನಪು ಇದ್ದದ್ದು ಮಣ್ಣಿನಲ್ಲಿ. ಅದು ದೋಣಿಯಲ್ಲಿ ಹೋಯ್ತು.

ಊರಿನ ನಾಮಫಲಕದ ಬಗ್ಗೆಯೂ ಒಂದು ಮಾತು. ಡಚ್ ಭಾಷೆಯಲ್ಲಿ ಈ ಊರು ಹೋಗೆಬೈಂಟುಮ್. ಆದರೆ ಅಧಿಕೃತ ಹೆಸರು ಫ್ರಿಸಿಯನ್ ಭಾಷೆಯದ್ದು, ಹೇಗೆಬೈಂಟುಮ್. ಫ್ರಿಸಿಯನ್ ಅನ್ನೋದು ಡಚ್‌ನ ಉಪಭಾಷೆ ಅಲ್ಲ, ಬೇರೆಯೇ ಭಾಷೆ. ಆದರೆ ಬಹಳ ಕಾಲ ಅದಕ್ಕೆ ಕಚೇರಿಯಲ್ಲಿ, ಕೋರ್ಟಿನಲ್ಲಿ ಜಾಗ ಇರಲಿಲ್ಲ. ಕೋರ್ಟಿನಲ್ಲಿ ಫ್ರಿಸಿಯನ್ ಮಾತಾಡಬಾರದು ಅಂದ ನ್ಯಾಯಾಧೀಶರನ್ನು ಖಂಡಿಸಿ ಪತ್ರಕರ್ತ ಫೆಡ್ಡೆ ಶೂರೆರ್ ಬರೆದರು. ಅದಕ್ಕೆ ಅವರ ಮೇಲೇ ಕೇಸು ಬಿತ್ತು. 1951ರ ನವೆಂಬರ್ 16ರಂದು, ವಿಚಾರಣೆಯ ದಿನ, ಲೇವಾರ್ಡನ್‌ನಲ್ಲಿ ಸೇರಿದ ಜನರ ಮೇಲೆ ಪೊಲೀಸರು ಲಾಠಿ ಬೀಸಿದರು. ಅವರ ಇತಿಹಾಸದಲ್ಲಿ ಅದನ್ನು ಲಾಠಿ ಶುಕ್ರವಾರ ಅಂತಲೇ ಕರೀತಾರೆ. 1956ರಲ್ಲಿ ಕಾನೂನು ಬದಲಾಯ್ತು. 1980ರಿಂದ ಪ್ರಾಂತ್ಯದ ಪ್ರಾಥಮಿಕ ಶಾಲೆಗಳಲ್ಲಿ ಫ್ರಿಸಿಯನ್ ಕಡ್ಡಾಯ ವಿಷಯ. ಇಷ್ಟಾದರೂ, ಮಾತಾಡುವವರಿಗೆ ಹೋಲಿಸಿದರೆ ಸರಾಗವಾಗಿ ಬರೆಯುವವರು ತೀರಾ ಕಡಿಮೆ. ಮನೆಯಲ್ಲಿ ಕನ್ನಡ ಮಾತಾಡಿ, ಶಾಲೆಯಲ್ಲಿ ಮರಾಠಿ, ಹಿಂದಿ, ತಮಿಳು, ತೆಲುಗು ಬರೆಯೋ ನಮ್ಮ ಮಕ್ಕಳಿರೋ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಡ್ಡಿನಾಚೆ ಹೊಸ ಗುಡ್ಡ

ಈಗ ಮೊದಲಿನ ಎರಡು ಪ್ರಶ್ನೆಗೆ ಬರೋಣ. ಕಟ್ಟಿದ್ದು ಯಾಕೆ? ಅಪಾಯ ಕಣ್ಣೆದುರಿಗೇ ಇತ್ತು. ಮಾರಿದ್ದು ಯಾಕೆ? ಬರೀ ದುರಾಸೆ ಅಂದರೆ ಅನ್ಯಾಯ ಆಗುತ್ತೆ. ಅವರ ಕೈಯಲ್ಲಿ ದುಡ್ಡಿರಲಿಲ್ಲ. ಕಡಲು ಒಡ್ಡಿನಾಚೆ ಇತ್ತು, ಒಡ್ಡನ್ನು ನೋಡಿಕೊಳ್ಳೋದು ಮಂಡಳಿಯ ಕೆಲಸ. ಗುಡ್ಡದ ಮೊದಲ ಉಪಯೋಗ ಮುಗಿದಿತ್ತು. ಆಗ ಅದೇ ಗುಡ್ಡ ಇಷ್ಟು ದೋಣಿ ಗೊಬ್ಬರ ಅನ್ನೋ ಲೆಕ್ಕದಲ್ಲಿ ಕಾಣೋಕೆ ಶುರುವಾಯ್ತು. ಮುಂಬೈನ ಖಾರಿಗಳ ಪಕ್ಕದ ಕಾಂಡ್ಲಾ ಕಾಡು, ಚೆನ್ನೈನ ಪಳ್ಳಿಕರಣೈ ಜೌಗು, ಹೈದರಾಬಾದಿನ ಕೆರೆಯಂಗಳ, ಇವೆಲ್ಲ ಸೈಟಿನ ಲೆಕ್ಕದಲ್ಲಿ ಕಂಡದ್ದೂ ಇದೇ ರೀತಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಅಲ್ಲಿದ್ದವರಿಗೆ ಆ ಲೆಕ್ಕದ ಇನ್ನೊಂದು ಬದಿ ಗೊತ್ತಾಯ್ತು.

ಫ್ರಿಸ್ಲಾನ್‌ನಲ್ಲಿ ಒಡ್ಡು ಗಟ್ಟಿಯಾಗಿಯೇ ಇದೆ. ಆದರೆ ಒಡ್ಡಿನ ಒಳಗಿನ ನೆಲಕ್ಕೆ ಈಗ ಭರತಿಯ ಕೆಸರು ಬರಲ್ಲ. ಹಾಗಾಗಿ ಅದು ಏರಲ್ಲ. ಹೊರಗಿನ ಉಪ್ಪುಬಯಲು ಇನ್ನೂ ಕೆಸರು ಹಿಡಿದು ಏರುತ್ತಾ ಇದೆ. ಕಡಲ ಮಟ್ಟವೂ ಏರುತ್ತಾ ಇದೆ. ಒಡ್ಡನ್ನು ಮತ್ತೆ ಮತ್ತೆ ಬಲಪಡಿಸೋ ಕೆಲಸ ನಿಲ್ಲೋ ಹಾಗಿಲ್ಲ.

ಹೇಗೆಬೈಂಟುಮ್‌ನ ನೆರೆಯೂರು ಬ್ಲಿಯೆ. ಅಲ್ಲಿನ ಜನ ಕೆಲವು ವರ್ಷಗಳ ಹಿಂದೆ ಒಂದು ಕೆಲಸ ಮಾಡಿದರು. ಒಡ್ಡಿನಾಚೆ, ಕಡಲು ಬಂದು ಹೋಗೋ ಬಯಲಿನಲ್ಲಿ, ಜೇಡಿಮಣ್ಣು ಪೇರಿಸಿ ಹೊಸದೊಂದು ಟೆರ್ಪ್ ಕಟ್ಟಿದರು. ಅದಕ್ಕೆ ಇಟ್ಟ ಹೆಸರಿನ ಅರ್ಥ "ನಾಳಿನ ಗುಡ್ಡ". ಯಾರೂ ಅಲ್ಲಿ ಮನೆ ಮಾಡಿಲ್ಲ. ಹಿಂದಿನವರು ನೋಡಿದ ಹಾಗೆ ಕಡಲನ್ನು ನೋಡೋಕೆ ಅದೊಂದು ಜಾಗ. ಬಿರುಗಾಳಿಗೆ ನೀರು ಏರಿದಾಗ ಆ ಹೊಸ ಗುಡ್ಡದ ಸುತ್ತಲೂ ಕಡಲು ಬರುತ್ತೆ. ಆಗ ಒಡ್ಡಿನ ಮೇಲೆ ನಿಂತು ಆ ಕಡೆ ತಿರುಗಿದರೆ ನೀರಿನ ನಡುವೆ ಎದ್ದು ನಿಂತ ಹೊಸ ಗುಡ್ಡ. ಈ ಕಡೆ ತಿರುಗಿದರೆ ಬಯಲಿನಲ್ಲಿ ಹೇಗೆಬೈಂಟುಮ್‌ನ ಚರ್ಚಿನ ಗೋಪುರ.

ಇವತ್ತಿಗೆ ಇಷ್ಟು. ನೀವಿರೋ ಊರಿನಲ್ಲೂ ಹೀಗೆ ಮಣ್ಣು ಮಾರಿ ಹೋದ ದಿಬ್ಬ, ಮುಚ್ಚಿಹೋದ ಕೆರೆ ಇದ್ದರೆ, ಅದರ ಹಳೇ ಹೆಸರನ್ನು ಮನೆಯ ಹಿರಿಯರ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ವಾರ ಸಿಗೋಣ.